ಸ್ಕೋರ್ ಹೇಳಿದರು, ಡೋಸ್ ಹೇಳಲಿಲ್ಲ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

2021ರ ಮೇ ತಿಂಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಕೊರೋನಾ ಎರಡನೇ ಅಲೆ. ಆಗ ಯಾರಿಗೆ ಫೋನ್ ಮಾಡಿದರೂ ಎರಡೇ ಪ್ರಶ್ನೆ. ಸ್ಯಾಚುರೇಷನ್ ಎಷ್ಟಿದೆ? ಸಿ.ಟಿ. ಸ್ಕೋರ್ ಎಷ್ಟು ಬಂತು? ಸಿ.ಟಿ. ಅಂದರೆ ದೇಹದ ಸುತ್ತಲಿಂದ ಎಕ್ಸ್‌ರೇ ಹಾಯಿಸಿ ಒಳಗಿನ ಚಿತ್ರ ತೆಗೆಯುವ ಸ್ಕ್ಯಾನ್. ಶ್ವಾಸಕೋಶಕ್ಕೆ ಸೋಂಕು ಎಷ್ಟು ತಟ್ಟಿದೆ ಅಂತ ಅದನ್ನು ನೋಡಿ 25ಕ್ಕೆ ಕೊಡುವ ಅಂಕವೇ ಸ್ಕೋರ್. 25ಕ್ಕೆ 6 ಅಂದರೆ ಉಸಿರು ಬಿಡುತ್ತಿದ್ದರು. 25ಕ್ಕೆ 18 ಅಂದರೆ ಮನೆಮಂದಿಯೆಲ್ಲ ಬೆಡ್ ಹುಡುಕಿಕೊಂಡು ಓಡುತ್ತಿದ್ದರು. ಸ್ಕ್ಯಾನಿಂಗ್ ಸೆಂಟರುಗಳ ಮುಂದೆ ಸಾಲು ನಿಂತಿತ್ತು. ನಮ್ಮ ರಾಜ್ಯ ಸರ್ಕಾರ ಎಚ್.ಆರ್.ಸಿ.ಟಿ.ಗೆ, ಅಂದರೆ ಶ್ವಾಸಕೋಶದ ಈ ಸಿ.ಟಿ.ಗೆ, ದರದ ಮಿತಿ ಹಾಕಬೇಕಾಯಿತು. ಓದು ಬರಹ ಬಾರದ ಅಜ್ಜಿಗೂ ತನ್ನ ಸ್ಕೋರ್ ಬಾಯಿಪಾಠ ಆಗಿತ್ತು.

ಅದೇ ಯಂತ್ರ, ಅದೇ ಹೊತ್ತಿನಲ್ಲಿ ಇನ್ನೊಂದು ಅಂಕಿಯನ್ನೂ ಕೊಟ್ಟಿತ್ತು. ಆ ವ್ಯಕ್ತಿಯ ಮೈಮೇಲೆ ಎಷ್ಟು ವಿಕಿರಣ ಬಿತ್ತು ಅನ್ನುವ ಅಂಕಿ, ಅಂದರೆ ಡೋಸ್. ಅದನ್ನು ಯಾರೂ ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಹೇಳುವ ಪ್ರಯತ್ನ ಒಮ್ಮೆ ನಡೆಯಿತು. ಆ ಮೇ ತಿಂಗಳ ಮೊದಲ ವಾರ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು ಪತ್ರಿಕಾಗೋಷ್ಠಿಯಲ್ಲಿ ಎಚ್ಚರಿಕೆ ಕೊಟ್ಟರು. ಒಂದು ಸಿ.ಟಿ. ಅಂದರೆ 300ರಿಂದ 400 ಎದೆ ಎಕ್ಸ್‌ರೇಗೆ ಸಮ, ಲಕ್ಷಣ ಇಲ್ಲದವರು ಸುಮ್ಮನೆ ಮಾಡಿಸಬೇಡಿ, ಮುಂದೆ ಕ್ಯಾನ್ಸರಿನ ಅಪಾಯ ಇದೆ ಅಂದರು. ಒಂದೆರಡು ದಿನದಲ್ಲೇ ರೇಡಿಯಾಲಜಿ ತಜ್ಞರ ರಾಷ್ಟ್ರೀಯ ಸಂಘಟನೆ ಅದಕ್ಕೆ ಉತ್ತರ ಕೊಟ್ಟಿತು. ಅದು ಹಳೆಯ ಕಾಲದ ಲೆಕ್ಕ, ಈಗಿನ ಯಂತ್ರಗಳಲ್ಲಿ 5ರಿಂದ 10 ಎಕ್ಸ್‌ರೇಯಷ್ಟು ಮಾತ್ರ ಅಂದಿತು.

ಟಿ.ವಿ. ನೋಡುತ್ತಾ ಕೂತವರ ಪಾಡು ಏನಾಗಿರಬೇಕು ಹೇಳಿ. ಒಬ್ಬರು 400 ಅಂತಾರೆ, ಇನ್ನೊಬ್ಬರು 5 ಅಂತಾರೆ. ಇಬ್ಬರೂ ದೊಡ್ಡವರೇ. ಕೆಲವರು ಹೆದರಿ, ನಿಜವಾಗಿ ಬೇಕಿದ್ದ ಸಿ.ಟಿ.ಯನ್ನೂ ಬೇಡ ಅಂದರು. ಕೆಲವರು ಏನೂ ಆಗಲ್ಲ ಬಿಡಿ ಅಂತ ವಾರಕ್ಕೊಂದು ಮಾಡಿಸಿಕೊಂಡರು.

ನಾನು ಮೆಡಿಕಲ್ ಫಿಸಿಸಿಸ್ಟ್. ಆಸ್ಪತ್ರೆಯ ವಿಕಿರಣ ಯಂತ್ರಗಳನ್ನು ಅಳೆಯುವುದು, ಡೋಸ್ ಲೆಕ್ಕ ಹಾಕುವುದು ನನ್ನ ಕೆಲಸ. ಹಾಗಾಗಿ ಮೊದಲು ಈ 400 ಮತ್ತು 5ರ ಜಗಳವನ್ನೇ ಬಿಡಿಸುತ್ತೇನೆ. ಯಾಕೆಂದರೆ ಎರಡೂ ಲೆಕ್ಕ ಸರಿಯಾಗಿಯೇ ಬರಬಹುದು.

ದೇಹಕ್ಕೆ ಬಿದ್ದ ವಿಕಿರಣದ ಒಟ್ಟು ಪರಿಣಾಮವನ್ನು ಅಂದಾಜು ಮಾಡಲು ಮಿಲಿಸೀವರ್ಟ್ ಅನ್ನುವ ಅಳತೆ ಬಳಸುತ್ತೇವೆ. ಎದೆಯ ಎಕ್ಸ್‌ರೇಯನ್ನು ಒಂದೇ ಭಂಗಿಯಲ್ಲಿ ತೆಗೆದರೆ ಸುಮಾರು 0.02 ಮಿಲಿಸೀವರ್ಟ್. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆದರೆ ಸುಮಾರು 0.1. ಇನ್ನು ಎದೆಯ ಸಿ.ಟಿ. ಮಾಮೂಲಿ ಸೆಟ್ಟಿಂಗಿನಲ್ಲಿ 6ರಿಂದ 7. ಕಡಿಮೆ ಡೋಸಿನ ಸೆಟ್ಟಿಂಗಿನಲ್ಲಿ 1ರಿಂದ 1.5. ಈಗ 6ನ್ನು 0.02ರಿಂದ ಭಾಗಿಸಿ: 300. 1ನ್ನು 0.1ರಿಂದ ಭಾಗಿಸಿ: 10. ಯಾವ ಸಿ.ಟಿ., ಯಾವ ಎಕ್ಸ್‌ರೇ ಅಂತ ಹೇಳದೆ ಎಷ್ಟು ಪಟ್ಟು ಅಂತ ಹೇಳಿದರೆ ಹೀಗೇ ಆಗೋದು. ಜನರಿಗೆ ಬೇಕಿದ್ದದ್ದು ಈ ಪಟ್ಟುಗಳ ಲೆಕ್ಕ ಅಲ್ಲವೇ ಅಲ್ಲ. ನನಗೆ ಮಾಡಿದ ಪರೀಕ್ಷೆಯಲ್ಲಿ ಎಷ್ಟು ಬಿತ್ತು, ಅದರಿಂದ ಏನಾಗಬಹುದು, ಆ ಪರೀಕ್ಷೆ ನನಗೆ ಯಾಕೆ ಬೇಕು. ಈ ಮೂರು ಮಾತು ಒಟ್ಟಿಗೆ ಬೇಕಿತ್ತು. ಇವತ್ತು ನಾನು ಕೇಳುತ್ತಿರುವುದೂ ಇಷ್ಟನ್ನೇ. ಪ್ರತಿ ರೋಗಿಗೂ ಪರೀಕ್ಷೆಗೆ ಮುಂಚೆ ಈ ಮೂರು ಮಾತು ಹೇಳಬೇಕು. ಪರೀಕ್ಷೆ ಆದ ಮೇಲೆ ಡೋಸಿನ ಅಂಕಿ ರಿಪೋರ್ಟಿನಲ್ಲಿ ಬರಬೇಕು.

ಮುಂದೆ ಹೋಗುವ ಮುನ್ನ ಒಂದು ಗೊಂದಲ ತೆಗೆದುಬಿಡೋಣ. ನಮ್ಮಲ್ಲಿ ಎಲ್ಲ ಪರೀಕ್ಷೆಗೂ ಸ್ಕ್ಯಾನಿಂಗ್ ಅಂತಲೇ ಹೇಳಿಬಿಡುತ್ತೇವೆ. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡಿನಲ್ಲಿ ಇರುವುದು ಶಬ್ದದ ಅಲೆಗಳು. ಎಂ.ಆರ್.ಐ.ಯಲ್ಲಿ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳು. ಈ ಎರಡರಲ್ಲೂ ನಾವು ಮಾತಾಡುತ್ತಿರುವ ವಿಕಿರಣ ಇಲ್ಲ. ಎಕ್ಸ್‌ರೇ, ಸಿ.ಟಿ., ಮ್ಯಾಮೋಗ್ರಾಂ, ಆಂಜಿಯೋಗ್ರಾಂ, ಬೋನ್ ಸ್ಕ್ಯಾನ್, ಪೆಟ್ ಸ್ಕ್ಯಾನ್, ಇವುಗಳಲ್ಲಿ ಇದೆ. ಎಕ್ಸ್‌ರೇ ಮತ್ತು ಸಿ.ಟಿ.ಯಲ್ಲಿ ಬಟನ್ ಬಿಟ್ಟ ಕ್ಷಣ ಕಿರಣ ನಿಲ್ಲುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ. ಸಿ.ಟಿ. ಮಾಡಿಸಿಕೊಂಡು ಬಂದ ತಾಯಿ ಮಗುವನ್ನು ಎತ್ತಿಕೊಳ್ಳಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ಎತ್ತಿಕೊಳ್ಳಬಹುದು, ಹಾಲೂ ಕುಡಿಸಬಹುದು.

ವಿಕಿರಣ ಆಸ್ಪತ್ರೆಯಲ್ಲಿ ಮಾತ್ರ ಇರುವುದಲ್ಲ. ನೆಲದಿಂದ, ಗೋಡೆಯಿಂದ, ಆಕಾಶದಿಂದ, ಉಸಿರಾಡುವ ಗಾಳಿಯಲ್ಲಿರುವ ರೇಡಾನ್‌ನಿಂದ, ತಿನ್ನುವ ಅನ್ನದಿಂದಲೂ ಬೀಳುತ್ತಲೇ ಇರುತ್ತದೆ. ಪ್ರಪಂಚದ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್. ಈ ಲೆಕ್ಕದಲ್ಲಿ ಒಂದು ಭಂಗಿಯ ಎದೆ ಎಕ್ಸ್‌ರೇ ಅಂದರೆ ಮೂರು ದಿನ ಸುಮ್ನೆ ಬದುಕಿದ್ದರೆ ಬೀಳುವಷ್ಟು. ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಹೋದರೆ ಅಂಥ ಒಂದೆರಡು ಎಕ್ಸ್‌ರೇಯಷ್ಟು ಬೀಳುತ್ತದೆ. ಹಲ್ಲಿನ ಸಣ್ಣ ಎಕ್ಸ್‌ರೇ ಒಂದು ದಿನದ ಲೆಕ್ಕಕ್ಕೂ ಬರುವುದಿಲ್ಲ. ತಲೆಯ ಸಿ.ಟಿ. ಸುಮಾರು 2, ಅಂದರೆ ಹತ್ತು ತಿಂಗಳು. ಹೊಟ್ಟೆಯ ಸಿ.ಟಿ. 8ರಿಂದ 10, ಅಂದರೆ ನಾಲ್ಕು ವರ್ಷದ ಹತ್ತಿರ. ಪೆಟ್-ಸಿ.ಟಿ. 25ರ ಆಸುಪಾಸು. ಹೊಸ ಯಂತ್ರಗಳಲ್ಲಿ ಇನ್ನೂ ಕಡಿಮೆ.

ಕೇರಳದ ಕರುನಾಗಪ್ಪಳ್ಳಿ ಕರಾವಳಿಯ ಹೆಸರು ಕೇಳಿರಬಹುದು. ಅಲ್ಲಿನ ಮರಳಿನಲ್ಲಿ ಮೋನಜೈಟ್ ಇದೆ, ಅದರಲ್ಲಿ ಥೋರಿಯಂ ಇದೆ. ಕೆಲವು ಜಾಗದಲ್ಲಿ ಪ್ರಪಂಚದ ಸರಾಸರಿಯ ಹಲವು ಪಟ್ಟು ವಿಕಿರಣ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅಲ್ಲಿನ ಜನರನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಇದನ್ನೇ ಹಿಡಿದುಕೊಂಡು ಸಿ.ಟಿ.ಯಿಂದಲೂ ಏನೂ ಆಗಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅಲ್ಲಿ ಬೀಳುವುದು ದಿನವೂ ಚೂರು ಚೂರು. ಸಿ.ಟಿ.ಯಲ್ಲಿ ಬೀಳುವುದು ಕೆಲವೇ ಸೆಕೆಂಡಿನಲ್ಲಿ, ದೇಹದ ಒಂದೇ ಭಾಗಕ್ಕೆ.

ಹಾಗಾದರೆ ಅಪಾಯ ಎಷ್ಟು? ನಮ್ಮ ಹತ್ತಿರ ಇರುವ ಲೆಕ್ಕದ ಬುಡ ಹಿರೋಶಿಮಾ ಮತ್ತು ನಾಗಾಸಾಕಿಯಲ್ಲಿ ಬದುಕುಳಿದವರ ಅಧ್ಯಯನ. ಅದರ ಆಧಾರದ ಮೇಲೆ 2006ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿ ಒಂದು ಅಂದಾಜು ಕೊಟ್ಟಿತು. 100 ಜನರಿಗೆ ತಲಾ 100 ಮಿಲಿಸೀವರ್ಟ್ ಬಿದ್ದರೆ, ಅದರಿಂದಾಗಿ ಜೀವಮಾನದಲ್ಲಿ ಒಬ್ಬರಿಗೆ ಕ್ಯಾನ್ಸರ್ ಬರಬಹುದು. ಅದೇ ಗೆರೆಯನ್ನು ಕೆಳಗೆ ಎಳೆದರೆ, 10 ಮಿಲಿಸೀವರ್ಟಿನ ಹೊಟ್ಟೆ ಸಿ.ಟಿ. 1,000 ಜನರಿಗೆ ಮಾಡಿದಾಗ ಒಬ್ಬರಿಗೆ. ಭಾರತದಲ್ಲಿ ಹೇಗಿದ್ದರೂ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಂಭವ ಇದೆ ಅಂತ ನಮ್ಮ ರಾಷ್ಟ್ರೀಯ ನೋಂದಣಿಯ ಅಂದಾಜು. ಅಂದರೆ ಸಾವಿರದಲ್ಲಿ ಸುಮಾರು 111. ಸಿ.ಟಿ. ಸೇರಿದರೆ 112. ಚಿಕ್ಕ ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ. ಎಪ್ಪತ್ತು ದಾಟಿದವರಲ್ಲಿ ತೀರಾ ಕಡಿಮೆ, ಯಾಕೆಂದರೆ ವಿಕಿರಣದಿಂದ ಬರುವ ಗಡ್ಡೆಗಳು ಕಾಣಿಸಿಕೊಳ್ಳಲು ಹತ್ತಾರು ವರ್ಷ ಬೇಕು.

ಸಾವಿರಕ್ಕೆ ಹೆಚ್ಚಾಗುವ ಈ ಒಂದನ್ನು ರೋಗಿಯಿಂದ ಮುಚ್ಚಿಡುವುದು ತಪ್ಪು ಅಂತ ನನ್ನ ಗಟ್ಟಿಯಾದ ನಂಬಿಕೆ. ಈ ಒಂದನ್ನೇ ದೊಡ್ಡದು ಮಾಡಿ ಹೆದರಿಸುವುದೂ ಅಷ್ಟೇ ತಪ್ಪು. ಒಡೆದ ಅಪೆಂಡಿಕ್ಸ್ ಪತ್ತೆಯಾಗದೆ ಹೋದರೆ ಸಾಯುವ ಅಪಾಯ ಸಾವಿರಕ್ಕೆ ಒಂದಕ್ಕಿಂತ ಎಷ್ಟೋ ದೊಡ್ಡದು.

ಈಗ ಆ ಅಂಕಿ ಎಲ್ಲಿರುತ್ತದೆ ಅಂತ ತೋರಿಸುತ್ತೇನೆ. ಪರದೆ ನೋಡಿ. ಇದು ಸಿ.ಟಿ. ಮುಗಿದ ಮೇಲೆ ಯಂತ್ರ ತಾನೇ ತಯಾರು ಮಾಡುವ ಪುಟ. ಹೆಸರು, ವಯಸ್ಸು ಅಳಿಸಿದ್ದೇನೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ನಾಲ್ಕೈದು ಸಾಲಿನ ಒಂದು ಪಟ್ಟಿ. ಚಿತ್ರಗಳ ಕೊನೆಯಲ್ಲೋ ಮೊದಲಲ್ಲೋ ಕೂತಿರುತ್ತದೆ. ನಿಮಗೆ ಕೊಡುವ ಸಿ.ಡಿ.ಯಲ್ಲಿ ಬಹಳ ಸಲ ಇದ್ದೇ ಇರುತ್ತದೆ. ಫಿಲ್ಮಿನಲ್ಲಿ ಹಾಕುವುದು ಕಡಿಮೆ. ಮೊದಲ ಸಾಲು ಸ್ಕೌಟ್, ಅಂದರೆ ಎಲ್ಲಿಂದ ಎಲ್ಲಿಯವರೆಗೆ ತೆಗೆಯಬೇಕು ಅಂತ ಗುರುತು ಹಾಕಲು ತೆಗೆದ ಚಿತ್ರ. ಅದರ ಡೋಸ್ ತೀರಾ ಕಡಿಮೆ. ಕೆಳಗಿನ ಸಾಲುಗಳು ಮುಖ್ಯ. ಒಂದು ಕಾಲಂ ಸಿ.ಟಿ.ಡಿ.ಐ., ಮಿಲಿಗ್ರೇಯಲ್ಲಿ. ಗ್ರೇ ಅಂದರೆ ಹೀರಿಕೊಂಡ ವಿಕಿರಣದ ಅಳತೆ. ಇನ್ನೊಂದು ಡಿ.ಎಲ್.ಪಿ., ಮಿಲಿಗ್ರೇ-ಸೆಂಟಿಮೀಟರಿನಲ್ಲಿ.

ಹೊಲಕ್ಕೆ ಔಷಧಿ ಹೊಡೆದಿದ್ದೀರಲ್ಲ. ಒಂದೊಂದು ಸಾಲಿನ ಮೇಲೆ ಎಷ್ಟು ದಟ್ಟವಾಗಿ ಬಿತ್ತು ಅನ್ನುವುದು ಸಿ.ಟಿ.ಡಿ.ಐ. ಎಷ್ಟು ಉದ್ದದ ಹೊಲಕ್ಕೆ ಹೊಡೆದಿರಿ ಅಂತ ಸೇರಿಸಿ ಒಟ್ಟು ಎಷ್ಟು ಖರ್ಚಾಯಿತು ಅನ್ನುವುದು ಡಿ.ಎಲ್.ಪಿ. ಹೊಟ್ಟೆಯ ಸಿ.ಟಿ.ಯಾದರೆ ಡಿ.ಎಲ್.ಪಿ.ಯನ್ನು 0.015ರಿಂದ ಗುಣಿಸಿ. ಎದೆಯಾದರೆ 0.014ರಿಂದ, ದೊಡ್ಡವರ ತಲೆಯಾದರೆ 0.0021ರಿಂದ. ಮಿಲಿಸೀವರ್ಟಿನ ಅಂದಾಜು ಸಿಗುತ್ತದೆ. ಹೊಟ್ಟೆಗೆ ಡಿ.ಎಲ್.ಪಿ. 600 ಇದ್ದರೆ 9 ಮಿಲಿಸೀವರ್ಟ್. ಇದು ಸರಾಸರಿ ಮೈಕಟ್ಟಿನ ಲೆಕ್ಕ, ನಿಮ್ಮ ದೇಹಕ್ಕೆ ಅಂತ ಅಳೆದದ್ದಲ್ಲ. ಆದರೂ 9 ಯಾವುದು, 40 ಯಾವುದು ಅಂತ ಗೊತ್ತಾಗುತ್ತದೆ.

ಅದೇ ಪುಟದಲ್ಲಿ ಹೊಟ್ಟೆಯ ಸಾಲು ಒಂದಿದೆಯೋ ಮೂರಿದೆಯೋ ನೋಡಿ. ಚಿತ್ರ ಸ್ಪಷ್ಟವಾಗಿ ಕಾಣಲಿ ಅಂತ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿಗೆ ಮುಂಚೆ ಒಮ್ಮೆ, ಕೊಟ್ಟ ಕೂಡಲೇ ಒಮ್ಮೆ, ಸ್ವಲ್ಪ ತಡೆದು ಇನ್ನೊಮ್ಮೆ ತೆಗೆದರೆ ಡೋಸ್ ಹತ್ತಿರ ಹತ್ತಿರ ಮೂರು ಪಟ್ಟು. ಲಿವರಿನ ಗಡ್ಡೆ ನೋಡಲು ಇದು ಬೇಕೇ ಬೇಕು. ಸಾಧಾರಣ ಹೊಟ್ಟೆನೋವಿಗೆ ಬಹಳ ಸಲ ಒಂದೇ ಸಾಕು.

ಈ ಪುಟವನ್ನು ಯಾರೂ ನೋಡದಿದ್ದರೆ ಏನಾಗುತ್ತದೆ? ಅಮೆರಿಕದ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಅನ್ನುವ ಹೆಸರುವಾಸಿ ಆಸ್ಪತ್ರೆಯಲ್ಲಿ ಆದದ್ದು ಕೇಳಿ. ಪಾರ್ಶ್ವವಾಯು ಶಂಕೆ ಇದ್ದವರಿಗೆ ಮೆದುಳಿನ ರಕ್ತಸಂಚಾರ ನೋಡುವ ವಿಶೇಷ ಸಿ.ಟಿ. ಮಾಡುತ್ತಿದ್ದರು. 2008ರಲ್ಲಿ ಯಂತ್ರದ ಸೆಟ್ಟಿಂಗ್ ಬದಲಾಯಿತು. ಅಲ್ಲಿಂದ ಹದಿನೆಂಟು ತಿಂಗಳು, 200ಕ್ಕೂ ಹೆಚ್ಚು ರೋಗಿಗಳಿಗೆ ಬೇಕಾದ್ದಕ್ಕಿಂತ ಸುಮಾರು ಎಂಟು ಪಟ್ಟು ಡೋಸ್ ಬಿತ್ತು. 2009ರಲ್ಲಿ ಇದು ಬೆಳಕಿಗೆ ಬಂದದ್ದು ರೋಗಿಯೊಬ್ಬರ ತಲೆಕೂದಲು ಉದುರಿದ ಮೇಲೆ. ಡೋಸಿನ ಅಂಕಿ ಅಷ್ಟು ದಿನವೂ ಪರದೆಯ ಮೇಲೆ ಬರುತ್ತಲೇ ಇತ್ತು. ಇದಾದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯ 2010ರಲ್ಲಿ ಕಾನೂನು ತಂದಿತು. 2012ರ ಜುಲೈ 1ರಿಂದ ಅಲ್ಲಿ ಸಿ.ಟಿ.ಯ ಡೋಸನ್ನು ರಿಪೋರ್ಟಿನಲ್ಲಿ ಬರೆಯಲೇಬೇಕು. ಯುರೋಪಿನ ಒಕ್ಕೂಟ 2013ರಲ್ಲಿ ಹೊರಡಿಸಿದ ನಿರ್ದೇಶನವನ್ನು ಸದಸ್ಯ ದೇಶಗಳು 2018ರ ಫೆಬ್ರವರಿಯೊಳಗೆ ಜಾರಿಗೆ ತರಬೇಕಿತ್ತು. ಅದರಲ್ಲೂ ಇದೇ ಇದೆ. ಸಾಧ್ಯವಿದ್ದಾಗಲೆಲ್ಲ ರೋಗಿಗೆ ಮುಂಚೆಯೇ ಲಾಭ ಮತ್ತು ಅಪಾಯ ತಿಳಿಸಬೇಕು, ಡೋಸಿನ ಮಾಹಿತಿ ರಿಪೋರ್ಟಿನ ಭಾಗ ಆಗಬೇಕು.

ನಮ್ಮಲ್ಲಿ? ನಾನು ನೋಡಿದ ರಿಪೋರ್ಟುಗಳಲ್ಲಿ ಬಹುಪಾಲಿಗೆ ಈ ಸಾಲು ಇಲ್ಲ. ಹಾಗಂತ ನಮ್ಮ ದೇಶಕ್ಕೆ ಡೋಸ್ ದಾಖಲೆ ಇಡುವ ಅಭ್ಯಾಸ ಇಲ್ಲ ಅನ್ನಬೇಡಿ. ನನ್ನ ಎದೆಯ ಮೇಲಿರುವ ಈ ಬ್ಯಾಡ್ಜ್ ನೋಡಿ. ಇದಕ್ಕೆ ಟಿ.ಎಲ್.ಡಿ. ಅನ್ನುತ್ತೇವೆ. ಒಳಗೆ ಮೂರು ಸಣ್ಣ ಬಿಲ್ಲೆಗಳಿವೆ. ವಿಕಿರಣ ಬಿದ್ದರೆ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಆಮೇಲೆ ಬಿಸಿ ಮಾಡಿದಾಗ ಅಷ್ಟಕ್ಕೆ ತಕ್ಕ ಬೆಳಕು ಕೊಡುತ್ತವೆ. ಮೂರು ತಿಂಗಳಿಗೊಮ್ಮೆ ಇದು ಪ್ರಯೋಗಾಲಯಕ್ಕೆ ಹೋಗುತ್ತದೆ. ನನ್ನ ಹೆಸರಿನಲ್ಲಿ ಡೋಸ್ ದಾಖಲಾಗುತ್ತದೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಇಡೀ ದೇಶದ ವಿಕಿರಣ ಕೆಲಸಗಾರರ ಲೆಕ್ಕ ಇದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮಗೆ ಮಿತಿಯನ್ನೂ ಹಾಕಿದೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು.

ಸೀಸದ ಗೋಡೆಯ ಹಿಂದೆ ನಿಂತಿರುವ ನನಗೆ ಇಷ್ಟು ಲೆಕ್ಕ ಇದೆ. ಕಿರಣದ ಕೆಳಗೇ ಮಲಗಿರುವ ವ್ಯಕ್ತಿಯ ಕೈಗೆ ಒಂದು ಚೀಟಿಯೂ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ರೋಗಿಗಳಿಗೆ ಡೋಸಿನ ಮಿತಿ ಯಾವ ದೇಶದಲ್ಲೂ ಇಲ್ಲ, ಇರಲೂಬಾರದು. ಮಿತಿ ದಾಟಿತು ಅಂತ ಮೆದುಳಿನ ರಕ್ತಸ್ರಾವ ನೋಡದೆ ಬಿಡಲು ಆಗುತ್ತದೆಯೇ? ಮಿತಿಯ ಬದಲಿಗೆ ಎರಡು ಕಟ್ಟುಪಾಡುಗಳಿವೆ. ಆ ಪರೀಕ್ಷೆ ನಿಜವಾಗಿ ಬೇಕಿರಬೇಕು. ಬೇಕಾದ ಚಿತ್ರ ಸಿಗುವಷ್ಟೇ ಡೋಸ್ ಬಳಸಬೇಕು. ಈ ಎರಡೂ ಪಾಲನೆ ಆಯಿತಾ ಅಂತ ಕೇಳುವ ಹಕ್ಕು ಮಲಗಿರುವವರಿಗೆ ಇದೆ. ಏನೂ ತಿಳಿಸದೆ ಇದ್ದರೆ ಅವರು ಕೇಳುವುದಾದರೂ ಹೇಗೆ?

ಡಾಕ್ಟರುಗಳು ಯಾಕೆ ಹೇಳುವುದಿಲ್ಲ? ಒಂದು, ಹೊತ್ತಿಲ್ಲ. ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವುದು ಎರಡು ಮೂರು ನಿಮಿಷ. ಎರಡು, ಎಷ್ಟೋ ಜನ ವೈದ್ಯರಿಗೇ ಡೋಸಿನ ಅಂದಾಜು ಇಲ್ಲ. ಇದನ್ನು ದೂರಿಗಾಗಿ ಹೇಳುತ್ತಿಲ್ಲ. 2004ರಲ್ಲಿ ಅಮೆರಿಕದ ಒಂದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಡೆದ ಸಮೀಕ್ಷೆ ಪ್ರಕಟವಾಯಿತು. ಸಿ.ಟಿ. ಮಾಡಿಸಿಕೊಂಡ ರೋಗಿಗಳಲ್ಲಿ ನೂರಕ್ಕೆ 7 ಮಂದಿ ಮಾತ್ರ ಅಪಾಯದ ಬಗ್ಗೆ ನಮಗೆ ಹೇಳಿದ್ದರು ಅಂದರು. ಸಿ.ಟಿ. ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುತ್ತದೆ ಅಂತ ನಂಬಿದ್ದ ತುರ್ತು ವೈದ್ಯರು ನೂರಕ್ಕೆ 9. ಮೂರು, ಹೇಳಿದರೆ ರೋಗಿ ಎದ್ದು ಓಡಿಹೋಗುತ್ತಾನೆ ಅನ್ನುವ ಹೆದರಿಕೆ.

ಈ ಮೂರನೆಯದಕ್ಕೆ ಆಧಾರ ಸಾಲದು. 2007ರಲ್ಲಿ ಅಮೆರಿಕದಲ್ಲಿ, ಸಿ.ಟಿ.ಗೆ ಬಂದಿದ್ದ ಮಕ್ಕಳ ತಂದೆತಾಯಿಯರಿಗೆ ವಿಕಿರಣದ ಬಗ್ಗೆ ಒಂದು ಕರಪತ್ರ ಓದಲು ಕೊಟ್ಟರು. ಓದಿದ ಮೇಲೆ ಬೇಡ ಅಂದವರು ಒಬ್ಬರೂ ಇಲ್ಲ. ನನ್ನ ಅನುಭವವೂ ಅದೇ. ಜನ ಓಡುವುದು ವಾಟ್ಸಾಪಿನಲ್ಲಿ ಅರ್ಧಂಬರ್ಧ ಓದಿದಾಗ. ಎದುರಿಗೆ ಕೂತು ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ಒಂದೆರಡು ಪ್ರಶ್ನೆ ಕೇಳುತ್ತಾರೆ, ಹೋಗಿ ಮಲಗುತ್ತಾರೆ.

ಹೇಳಲು ಎಷ್ಟು ಹೊತ್ತು ಬೇಕು? ನಮ್ಮ ಟೆಕ್ನಿಷಿಯನ್ ಹುಡುಗಿಯೊಬ್ಬಳು ಹಳ್ಳಿಯಿಂದ ಬಂದ ಹೆಂಗಸಿಗೆ ಹೇಳಿದ್ದನ್ನು ಹಾಗೇ ಹೇಳುತ್ತೇನೆ. "ಅಮ್ಮಾ, ಈ ಪರೀಕ್ಷೆಲಿ ಮೈಮೇಲೆ ಎಕ್ಸ್‌ರೇ ಕಿರಣ ಬೀಳುತ್ತೆ. ನಾವು ಸುಮ್ನೆ ಮನೇಲಿದ್ರೂ ಮಣ್ಣಿಂದ, ಆಕಾಶದಿಂದ ಬೀಳ್ತಾನೇ ಇರುತ್ತೆ. ಅದು ಮೂರ್ನಾಲ್ಕು ವರ್ಷದಲ್ಲಿ ಬೀಳೋ ಅಷ್ಟು ಇವತ್ತು ಒಂದೇ ಸಲ ಬೀಳುತ್ತೆ. ಇದರಿಂದ ಮುಂದೆ ತೊಂದರೆ ಆಗೋದು ಸಾವಿರದಲ್ಲಿ ಒಬ್ಬರಿಗೆ. ನಿಮ್ಮ ಹೊಟ್ಟೆನೋವು ಯಾಕೆ ಅಂತ ಇವತ್ತೇ ಗೊತ್ತಾಗ್ಬೇಕು, ಅದಕ್ಕೆ ಡಾಕ್ಟ್ರು ಬರೆದಿದ್ದಾರೆ. ಮುಂಚೆ ಎಲ್ಲಾದ್ರೂ ಈ ಸ್ಕ್ಯಾನ್ ಮಾಡಿಸಿದ್ದೀರಾ?" ಅರ್ಧ ನಿಮಿಷ ಹಿಡಿಯಿತು. ಆ ತಾಯಿ, "ಹೋದ ತಿಂಗಳು ತಾಲ್ಲೂಕಿನಲ್ಲಿ ಒಂದು ಮಾಡ್ಸಿದ್ವಿ ಕಣವ್ವ, ಸಿ.ಡಿ. ಚೀಲದಲ್ಲೈತೆ" ಅಂದರು. ಸಿ.ಡಿ. ಹಾಕಿ ನೋಡಿದರು. ಡಾಕ್ಟರಿಗೆ ಬೇಕಿದ್ದದ್ದು ಅದರಲ್ಲೇ ಇತ್ತು.

ನಮ್ಮಲ್ಲಿ ಡೋಸ್ ಜಾಸ್ತಿಯಾಗಲು ಒಂದು ದೊಡ್ಡ ದಾರಿ ಇದೇ. ತಾಲ್ಲೂಕಿನಲ್ಲಿ ಒಂದು ಸಿ.ಟಿ., ಜಿಲ್ಲಾಸ್ಪತ್ರೆಗೆ ಬಂದಾಗ ಇನ್ನೊಂದು, ಬೆಂಗಳೂರಿಗೆ ಕಳಿಸಿದಾಗ ಮತ್ತೊಂದು. ಹಳೆಯ ಸಿ.ಡಿ. ಮನೆಯಲ್ಲೇ ಉಳಿದಿರುತ್ತದೆ. ಇಲ್ಲಾ ಅದು ತೆರೆಯುವುದಿಲ್ಲ. ಇಲ್ಲಾ ನಮ್ಮಲ್ಲೇ ಮಾಡಿಸಿ ಅನ್ನುತ್ತಾರೆ. ರೋಗ ಬದಲಾಗಿದ್ದರೆ ಹೊಸದಾಗಿ ಮಾಡಬೇಕು, ಅದರಲ್ಲಿ ಅನುಮಾನ ಇಲ್ಲ. ಬದಲಾಗದೇ ಇದ್ದಾಗ ಮಾಡುವುದು ನನಗೆ ಬೇಸರ ತರಿಸುತ್ತದೆ. ಕಿಡ್ನಿ ಕಲ್ಲಿನವರದು ಇನ್ನೊಂದು ಕಥೆ. ಬಿಸಿಲಿನಲ್ಲಿ ದುಡಿಯುವ, ನೀರು ಕಡಿಮೆ ಕುಡಿಯುವ ಮೂವತ್ತರ ಹರೆಯದ ಗಾರೆ ಕೆಲಸದವರು ನೋವು ಬಂದಾಗಲೆಲ್ಲ ಸಿ.ಟಿ.ಗೆ ಬರುತ್ತಾರೆ. ಕಲ್ಲು ನೋಡಲು 3 ಮಿಲಿಸೀವರ್ಟಿಗಿಂತ ಕಡಿಮೆ ಡೋಸಿನ ಸಿ.ಟಿ. ಸಾಕಾಗುತ್ತದೆ. ಆಮೇಲಿನ ತಪಾಸಣೆಗೆ ಬಹಳ ಸಲ ಅಲ್ಟ್ರಾಸೌಂಡ್ ಸಾಕು. ಅವರಿಗೆ ಇದು ಗೊತ್ತಿದ್ದರೆ ಕೇಳುತ್ತಾರೆ, ಕೇಳಿದರೆ ನಾವೂ ಯೋಚಿಸುತ್ತೇವೆ.

ಇಲ್ಲಿ ನನ್ನ ವೃತ್ತಿಯವರಲ್ಲೇ ಒಂದು ಭಿನ್ನಾಭಿಪ್ರಾಯ ಇದೆ. ಹಳೆಯ ಡೋಸುಗಳನ್ನೆಲ್ಲ ಕೂಡಿಸಿ ರೋಗಿಗೆ ತೋರಿಸಬೇಡಿ ಅಂತ ಅಮೆರಿಕದ ಮೆಡಿಕಲ್ ಫಿಸಿಸಿಸ್ಟುಗಳ ಮತ್ತು ರೇಡಿಯಾಲಜಿಸ್ಟುಗಳ ಸಂಘಗಳು 2021ರಲ್ಲಿ ಜಂಟಿಯಾಗಿ ಹೇಳಿದವು. ಅವರ ವಾದದಲ್ಲಿ ಹುರುಳಿದೆ. ಹಿಂದೆ ಹತ್ತು ಸಿ.ಟಿ. ಆಗಿದೆ ಅಂತ ಇವತ್ತಿನ ಸಿ.ಟಿ.ಯ ಅಪಾಯವೇನೂ ಜಾಸ್ತಿಯಾಗುವುದಿಲ್ಲ. ಇವತ್ತಿನ ಲಾಭ ಎಷ್ಟು, ಇವತ್ತಿನ ಅಪಾಯ ಎಷ್ಟು, ಅಷ್ಟನ್ನೇ ತೂಗಬೇಕು. ಒಟ್ಟು ಮೊತ್ತ ನೋಡಿ ಹೆದರಿ ಬೇಕಾದ ಪರೀಕ್ಷೆ ಬಿಟ್ಟರೆ ಅನಾಹುತ. ಇದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ದೇಶದಲ್ಲಿ ಹಳೆಯ ಪರೀಕ್ಷೆಗಳ ಪಟ್ಟಿ ಬೇರೆ ಕೆಲಸಕ್ಕೆ ಬೇಕು. ಹೋದ ವಾರದ ಸ್ಕ್ಯಾನ್ ಎಲ್ಲೋ ಇದೆ ಅಂತ ಅದು ನೆನಪಿಸುತ್ತದೆ. ಹಾಗಾಗಿ ಮನೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಯಾವ ಪರೀಕ್ಷೆ, ಎಲ್ಲಿ ಮಾಡಿಸಿದ್ದು, ಡಿ.ಎಲ್.ಪಿ. ಸಿಕ್ಕರೆ ಅದು, ಇಷ್ಟನ್ನು ಬರೆದಿಡಿ ಅಂತ ನಾನು ಹೇಳುತ್ತಲೇ ಇರುತ್ತೇನೆ. ಕೂಡಿಸಿ ನೋಡುವ ಗೋಜಿಗೆ ಹೋಗಬೇಡಿ.

ಹೃದಯದ ಸ್ಟೆಂಟ್ ಹಾಕಿಸಿಕೊಂಡವರಿಗೆ ಹೇಳಬೇಕಾದದ್ದು ಬೇರೆಯೇ. ಕಷ್ಟದ ಬ್ಲಾಕ್ ಇದ್ದು ಎಕ್ಸ್‌ರೇಯಲ್ಲಿ ನೋಡುತ್ತಾ ಗಂಟೆಗಟ್ಟಲೆ ಕೆಲಸ ನಡೆದರೆ ಬೆನ್ನಿನ ಒಂದೇ ಜಾಗದ ಮೇಲೆ ಕಿರಣ ಬೀಳುತ್ತಿರುತ್ತದೆ. ಯಂತ್ರದ ಅಂಕಿ 5 ಗ್ರೇ ದಾಟಿದರೆ ಚರ್ಮ ಕೆಂಪಾಗಬಹುದು, ಅಪರೂಪಕ್ಕೆ ಹುಣ್ಣೂ ಆಗಬಹುದು. ಅದು ಕಾಣಿಸುವುದು ಎರಡು ಮೂರು ವಾರ ಕಳೆದ ಮೇಲೆ. ಅಷ್ಟು ಹೊತ್ತಿಗೆ ರೋಗಿ ಊರಿಗೆ ಹೋಗಿರುತ್ತಾರೆ. ಅಲ್ಲಿನ ಡಾಕ್ಟರು ಅಲರ್ಜಿ ಅಂತಲೋ ಹಾಸಿಗೆ ಹುಣ್ಣು ಅಂತಲೋ ಮುಲಾಮು ಕೊಡುತ್ತಾರೆ. ಡಿಸ್ಚಾರ್ಜ್ ಮಾಡುವಾಗ ಒಂದು ಸಾಲು ಬರೆದುಕೊಟ್ಟು, ಮನೆಯವರಿಗೆ ಬೆನ್ನು ನೋಡುತ್ತಿರಿ ಅಂತ ಹೇಳಿದರೆ ಎಷ್ಟೋ ನರಳಾಟ ತಪ್ಪುತ್ತದೆ. ಇಲ್ಲಿ ಸಾವಿರಕ್ಕೊಂದು, ಲಕ್ಷಕ್ಕೊಂದು ಅನ್ನುವ ಲೆಕ್ಕವೇ ಬೇಕಿಲ್ಲ. ಆ ಒಬ್ಬ ರೋಗಿಗೆ ಏನಾಗಬಹುದು ಅಂತ ನೇರವಾಗಿ ಗೊತ್ತಿರುತ್ತದೆ.

ಗರ್ಭಿಣಿಯರ ವಿಷಯದಲ್ಲಿ ಹೇಳದೆ ಇರುವುದರಿಂದ ಆಗುವ ನಷ್ಟ ನನ್ನನ್ನು ತುಂಬಾ ಕಾಡುತ್ತದೆ. ಗರ್ಭಿಣಿ ಅಂತ ಗೊತ್ತಾಗುವ ಮುಂಚೆ ಎಕ್ಸ್‌ರೇ ಆಗಿರುತ್ತದೆ. ಆಮೇಲೆ ಯಾರೋ ಮಗು ಅಂಗವಿಕಲ ಆಗುತ್ತೆ ಅಂತಾರೆ. ದಂಪತಿ ಗರ್ಭ ತೆಗೆಸಲು ಹೊರಡುತ್ತಾರೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2000ದಲ್ಲೇ ಸ್ಪಷ್ಟವಾಗಿ ಹೇಳಿದೆ. ಭ್ರೂಣಕ್ಕೆ ಬಿದ್ದದ್ದು 100 ಮಿಲಿಗ್ರೇಗಿಂತ ಕಡಿಮೆ ಇದ್ದರೆ, ವಿಕಿರಣದ ಕಾರಣಕ್ಕೆ ಗರ್ಭಪಾತ ಮಾಡಿಸುವುದು ಸಮರ್ಥನೀಯ ಅಲ್ಲ. ತಾಯಿಯ ಎದೆ ಎಕ್ಸ್‌ರೇಯಿಂದ ಭ್ರೂಣಕ್ಕೆ ತಲುಪುವುದು 0.01 ಮಿಲಿಗ್ರೇಗಿಂತಲೂ ಕಡಿಮೆ. ಹೊಟ್ಟೆಯ ಎಕ್ಸ್‌ರೇಯಿಂದ ಒಂದೂವರೆಯ ಹತ್ತಿರ. ನೇರವಾಗಿ ಕಿಬ್ಬೊಟ್ಟೆಯ ಸಿ.ಟಿ. ಮಾಡಿದರೂ ಸಾಮಾನ್ಯವಾಗಿ 25ರ ಆಸುಪಾಸು. ಇಂಥ ಸಂದರ್ಭ ಬಂದರೆ ದಯವಿಟ್ಟು ಆಸ್ಪತ್ರೆಯ ಮೆಡಿಕಲ್ ಫಿಸಿಸಿಸ್ಟನ್ನೋ ರೇಡಿಯೇಷನ್ ಸುರಕ್ಷತಾ ಅಧಿಕಾರಿಯನ್ನೋ ಕೇಳಿ, ಡೋಸ್ ಲೆಕ್ಕ ಹಾಕಿಸಿ. ಲೆಕ್ಕ ಕೈಗೆ ಬರುವ ತನಕ ಯಾವ ತೀರ್ಮಾನವನ್ನೂ ಮಾಡಬೇಡಿ.

ಈಗ ನಿಮ್ಮ ಪ್ರಶ್ನೆಗಳು.

ಮುಂಚೆ ಎಕ್ಸ್‌ರೇ ತೆಗೆಯುವಾಗ ಸೀಸದ ಏಪ್ರನ್ ಹೊದಿಸುತ್ತಿದ್ದರು, ಈಗ ಕೆಲವು ಕಡೆ ಹೊದಿಸಲ್ಲ, ಯಾಕೆ ಅಂತ ಹಿಂದಿನ ಸಾಲಿನ ಅಕ್ಕ ಕೇಳಿದ್ದಾರೆ. ಇದು ನಿರ್ಲಕ್ಷ್ಯ ಇರಲಾರದು ಅಕ್ಕಾ. 2019ರಲ್ಲಿ ಅಮೆರಿಕದ ಮೆಡಿಕಲ್ ಫಿಸಿಸಿಸ್ಟುಗಳ ಸಂಘವೇ ರೋಗಿಗಳ ಜನನಾಂಗಗಳಿಗೆ, ಗರ್ಭಕ್ಕೆ ಮಾಮೂಲಿಯಾಗಿ ಏಪ್ರನ್ ಮುಚ್ಚುವುದನ್ನು ನಿಲ್ಲಿಸಿ ಅಂದಿತು. ಏಪ್ರನ್ ಜರುಗಿ ಬೇಕಾದ ಜಾಗ ಮುಚ್ಚಿಹೋದರೆ ಮತ್ತೆ ತೆಗೆಯಬೇಕಾಗುತ್ತದೆ. ಯಂತ್ರದ ಸ್ವಯಂಚಾಲಿತ ನಿಯಂತ್ರಣ ಅದನ್ನು ನೋಡಿ ಡೋಸ್ ಏರಿಸಲೂಬಹುದು. ಆದರೆ ಯಾಕೆ ಹೊದಿಸಲಿಲ್ಲ ಅಂತ ನಿಮಗೆ ಹೇಳಬೇಕಿತ್ತು.

ಥೈರಾಯ್ಡ್‌ಗೆ ಅಯೋಡಿನ್ ಚಿಕಿತ್ಸೆ ತೆಗೆದುಕೊಂಡವರು ಮನೆಯಲ್ಲಿ ಹೇಗಿರಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಇಲ್ಲಿ ವಿಕಿರಣದ ವಸ್ತು ಮೈಯೊಳಗೇ ಇರುತ್ತದೆ, ಎಂಟು ದಿನಕ್ಕೆ ಅರ್ಧ ಆಗುತ್ತದೆ. ಮೂತ್ರದಲ್ಲಿ ಹೊರಗೂ ಹೋಗುತ್ತದೆ. ಹಾಗಾಗಿ ನೀರು ಜಾಸ್ತಿ ಕುಡಿಯಿರಿ. ಶೌಚಾಲಯಕ್ಕೆ ಎರಡು ಸಲ ನೀರು ಹಾಕಿ. ಆಸ್ಪತ್ರೆಯವರು ಹೇಳಿದಷ್ಟು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಮಲಗಿ. ಎಷ್ಟು ದಿನ ಅಂತ ಬರೆಸಿಕೊಂಡೇ ಮನೆಗೆ ಹೊರಡಿ. ಕೊಟ್ಟ ಪ್ರಮಾಣದ ಮೇಲೆ ಅದು ಬದಲಾಗುತ್ತದೆ.

ಕೊನೆಯ ಪ್ರಶ್ನೆ ಒಬ್ಬ ಯುವ ತಂದೆಯದು. ಮಗು ಮಂಚದಿಂದ ಬಿದ್ದರೆ ತಲೆ ಸಿ.ಟಿ. ಬೇಡ ಅನ್ನಬಹುದಾ? ಮಕ್ಕಳ ವಿಷಯದಲ್ಲಿ ಒಳ್ಳೆಯ ಆಧಾರ ಇದೆ. ಯುರೋಪಿನ ಒಂಬತ್ತು ದೇಶಗಳ ಸುಮಾರು ಒಂಬತ್ತೂವರೆ ಲಕ್ಷ ಮಕ್ಕಳ, ಹರೆಯದವರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಈಗಿನ ಡೋಸಿನಲ್ಲಿ 10,000 ಮಕ್ಕಳಿಗೆ ಸಿ.ಟಿ. ಮಾಡಿದರೆ, ಮುಂದಿನ ಹನ್ನೆರಡು ವರ್ಷದಲ್ಲಿ ಒಂದಿಬ್ಬರಿಗೆ ಅದರಿಂದಾಗಿ ರಕ್ತದ ಕ್ಯಾನ್ಸರ್ ಬರಬಹುದು ಅಂತ ಅದರ ಅಂದಾಜು. ಇನ್ನೊಂದು ಕಡೆ, ತಲೆಗೆ ಪೆಟ್ಟಾದ 42,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2009ರಲ್ಲಿ ವೈದ್ಯರು ಒಂದು ನಿಯಮ ರೂಪಿಸಿದರು. ಮಗು ಎಚ್ಚರವಾಗಿದ್ದು, ಎಂದಿನಂತೆ ಆಡುತ್ತಿದ್ದು, ಪ್ರಜ್ಞೆ ತಪ್ಪಿರದಿದ್ದರೆ, ವಾಂತಿ ಇಲ್ಲದಿದ್ದರೆ, ಎತ್ತರದಿಂದ ಬಿದ್ದಿರದಿದ್ದರೆ ಬಹಳ ಸಲ ಸಿ.ಟಿ. ಬೇಕಾಗುವುದೇ ಇಲ್ಲ. ಆಸ್ಪತ್ರೆಯಲ್ಲಿ ಕೆಲವು ಗಂಟೆ ಗಮನಿಸಿದರೆ ಸಾಕು. ಅಂಥ ಹೊತ್ತಿನಲ್ಲಿ, ಡಾಕ್ಟ್ರೇ, ಸ್ವಲ್ಪ ಹೊತ್ತು ಇಲ್ಲೇ ಇಟ್ಟುಕೊಂಡು ನೋಡಬಹುದಾ ಅಂತ ಧೈರ್ಯವಾಗಿ ಕೇಳಿ. ಆದರೆ ಮಗು ಮಂಪರಿನಲ್ಲಿದ್ದರೆ, ಪದೇ ಪದೇ ವಾಂತಿ ಮಾಡಿದರೆ, ತಲೆನೋವು ಅಂತ ಜೋರಾಗಿ ಅತ್ತರೆ, ಕಿವಿಯಿಂದಲೋ ಮೂಗಿನಿಂದಲೋ ರಕ್ತ ಅಥವಾ ನೀರು ಬಂದರೆ ಒಂದು ನಿಮಿಷವೂ ತಡ ಮಾಡಬೇಡಿ. ಮೊದಲು ಸಿ.ಟಿ. ಆಗಲಿ. ಡೋಸಿನ ಅಂಕಿಯನ್ನು ಸಂಜೆ ರಿಪೋರ್ಟ್ ತೆಗೆದುಕೊಳ್ಳುವಾಗ ಕೇಳಿ ಬರೆಸಿಕೊಳ್ಳಬಹುದು.